ಆಫ್ರಿಕಾ ಸುತ್ತಿದ ಗದಿಗೆಪ್ಪ ಸರ್

ಗದಿಗೆಪ್ಪ ಸರ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತು, ಕೈಯನ್ನು ಹಿಂದಕ್ಕೆ ತಿರುವಿ, ಮಕ್ಕಳ ಮುಖ ನೋಡುತ್ತಲೇ ಆಫ್ರಿಕಾ ಖಂಡ ಬರೆಯುತ್ತಿದ್ದರು. ಸೀಮೆಸುಣ್ಣ ಎತ್ತುತ್ತಿರಲಿಲ್ಲ. ಒಂದೇ ಗೆರೆ ಮೇಲಿನಿಂದ ಹೊರಟು, ಹೊಟ್ಟೆ ಉಬ್ಬಿಸಿ, ಚೂಪಾಗಿ ಕೆಳಗಿಳಿದು, ಮತ್ತೆ ಹತ್ತಿ ಬಂದು ಕೂಡಿಕೊಳ್ಳುತ್ತಿತ್ತು. ಭಾರತ ಬರೆಯಿರಿ ಎಂದರೆ ಮಾತ್ರ ಗುಜರಾತನ್ನೇ ಮರೆತುಬಿಡುತ್ತಿದ್ದರು. ಬೈಲಹೊಂಗಲದ ಆ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಹೋದ ಹೊಸತರಲ್ಲಿ ನಾನು ಕಿಟಕಿಯಿಂದ ಇದನ್ನು ನೋಡಿ, ಇವರಿಗೇನು ಹುಚ್ಚೋ ಎಂದುಕೊಂಡೆ. ಹುಚ್ಚೇ. ಆಮೇಲೆ ಪೀರಿಯಡ್ ಖಾಲಿ ಇದ್ದಾಗಲೆಲ್ಲ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರತೊಡಗಿದೆ.

ಅವರಿಗೆ ಆಫ್ರಿಕಾ ಬೇಕಾಗಿದ್ದದ್ದು ಹಡಗುಗಳ ಸಲುವಾಗಿ. ನೂರು ವರ್ಷಕ್ಕೂ ಹಿಂದೆ ರಷ್ಯಾಕ್ಕೂ ಜಪಾನಿಗೂ ಯುದ್ಧ ಹತ್ತಿದಾಗ, ರಷ್ಯಾದ ದೊರೆ ತನ್ನ ಹಡಗುಪಡೆಯನ್ನು ಆಫ್ರಿಕಾ ಬಳಸಿ ಅರ್ಧ ಭೂಮಿ ಸುತ್ತಿಸಿ ಕಳಿಸಿದ ಕತೆ ಅದು. ಪಠ್ಯಪುಸ್ತಕದಲ್ಲಿ ಒಂದು ಸಾಲು. ಸರ್ ಅದಕ್ಕೊಂದು ವಾರ ಹಿಡಿಯುತ್ತಿದ್ದರು, ಫ್ರಾನ್ಸಿನ ಕ್ರಾಂತಿಯನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಸ್ವತಃ ಸಮುದ್ರ ಕಂಡವರಲ್ಲ. ಒಮ್ಮೆ ಸವದತ್ತಿಯ ಹತ್ತಿರ ಮಲಪ್ರಭೆಯ ಡ್ಯಾಮು ತುಂಬಿದ್ದನ್ನು ನೋಡಿ ಬಂದು, "ಇಷ್ಟ ನೀರಿಗೆ ಎದಿ ಝಲ್ ಅಂತೈತ್ರೀ ಅಕ್ಕೋರ. ಆ ಮಂದಿ ತಿಂಗಳಾನಗಟ್ಲೆ ಹೆಂಗ ಇದ್ದಾರು!" ಎಂದಿದ್ದರು. ಹೆಣ್ಣು ಟೀಚರು ಅಲ್ಲಿ ಅಕ್ಕೋರು.

ಕತೆ ಹೇಳುವಾಗ ಅವರು ಸಾಲಿ ಮಾಸ್ತರರಾಗಿ ಉಳಿಯುತ್ತಿರಲಿಲ್ಲ, ಕಟ್ಟೆಯ ಮೇಲೆ ಕೂತು ಊರ ಜಗಳ ಹೇಳುವವರಾಗುತ್ತಿದ್ದರು. "ಹಡಗ ಹೊಸಾವು ಇದ್ದುವು, ಖರೆ. ನಡಸಾವ್ರು ಯಾರು? ನಿನ್ನೆ ಮೊನ್ನೆ ತನಕಾ ರಂಟಿ ಹೊಡದ ರೈತ್ರು. ತೋಪು ಹಾರಸೂದು ಹಾದ್ಯಾಗ ಕಲಸೂಣು ಅಂದ್ರು. ಯುದ್ಧಕಾಲೇ ಶಸ್ತ್ರಾಭ್ಯಾಸ! ದೇಶಾ ಬಿಟ್ಟು ಇನ್ನೂ ವಾರ ಸುದ್ದಾ ಆಗಿಲ್ಲ, ಕತ್ತಲಾಗ ಮೀನಾ ಹಿಡಿಯಾವರ ದೋಣಿ ಕಂಡ್ವು. ಜಪಾನದಾವ್ರು ಬಂದ್ರೋ ಅಂತ ಢಂ ಢಂ ಹೊಡದ್ರು. ಪಾಪ, ಆ ಬಡವ್ರು ಸತ್ರು. ತಮ್ಮ ಹಡಗಿಗೂ ತಾವ ಹೊಡಕೊಂಡ್ರು. ಜಪಾನ ಎಲ್ಲೈತಿ, ಇವರೆಲ್ಲಿ ಅದಾರ!"

ಮಕ್ಕಳು ನಗುತ್ತಿದ್ದರು. ಸರ್ ಅವರನ್ನು ನಗಲು ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಯಾವ ಬಂದರಿನವರೂ ಸರಿಯಾಗಿ ಕಲ್ಲಿದ್ದಲು ಕೊಡುತ್ತಿರಲಿಲ್ಲವೆಂದು, ಸಿಕ್ಕಲ್ಲಿ ಸಿಕ್ಕಷ್ಟು ತುಂಬಿಕೊಂಡರಂತೆ. "ಡೆಕ್ಕಿನ ಮ್ಯಾಲ ಕಲ್ಲಿದ್ದಲ, ಮಲಗು ಖೋಲ್ಯಾಗ ಕಲ್ಲಿದ್ದಲ, ಜಳಕಾ ಮಾಡೂ ಖೋಲ್ಯಾಗೂ ಕಲ್ಲಿದ್ದಲ. ಉಣ್ಣು ತಾಟಿನ್ಯಾಗ ಕರೇ ಪುಡಿ. ಮಡಗಾಸ್ಕರದಾಗ ಹೊತ್ತ ಹೋಗವಲ್ದು ಅಂತ ಮಂಗ್ಯಾ, ಗಿಳಿ, ಹಾವು ಎಲ್ಲಾ ಹಿಡದು ಹಡಗಿನ್ಯಾಗ ಸಾಕಿದ್ರು. ಯುದ್ಧಕ್ಕ ಹೊಂಟಾವ್ರು ಅಂತಾರೇನ್ಲೇ ಇವ್ರಿಗೆ?"

ಆಮೇಲೆ ದನಿ ಇಳಿಯುತ್ತಿತ್ತು. "ಪೋರ್ಟ್ ಆರ್ಥರ್ ಅಂತ ಒಂದು ಬಂದರ. ಅದನ್ನ ಉಳಸಾಕಂತನ ಇವರು ಹೊಂಟಿದ್ದು. ಮಡಗಾಸ್ಕರಕ್ಕ ಬರೂದ್ರಾಗ ಸುದ್ದಿ ಬಂತು, ಆ ಬಂದರ ಜಪಾನದಾವರ ಕೈಗೆ ಹೋತು ಅಂತ. ಹೇಳ್ರಿ ಈಗ, ಏನ ಮಾಡಬೇಕು?" ಇಡೀ ವರ್ಗ ಒಂದೇ ದನಿಯಲ್ಲಿ "ಹೊಳ್ಳಿ ಬರಬೇಕ್ರೀ ಸರ್!" ಎಂದು ಕೂಗುತ್ತಿತ್ತು. ಸರ್ ಮೇಜು ಗುದ್ದಿ, "ಶಾಣ್ಯಾರು! ನಿಮಗ ತಿಳೀತು. ಹಡಗಪಡಿ ಮುಂದಾಳು ಆ ಹುಚ್ಚ ಅಡ್ಮಿರಲ್‌ಗ, ಅವನ್ನ ಕಳಿಸಿದ ದೊರಿಗೆ ತಿಳೀಲಿಲ್ಲ" ಎನ್ನುತ್ತಿದ್ದರು. ಹಡಗುಗಳು ಹಿಂದಕ್ಕೆ ಹೊರಳಲಿಲ್ಲ. ಜಪಾನಿನ ಬಾಗಿಲ ತನಕ ಹೋದವು, ಸುಷಿಮಾ ಎಂಬ ಇಕ್ಕಟ್ಟಿನ ನೀರಿನಲ್ಲಿ ಒಂದರ ಹಿಂದೊಂದು ಮುಳುಗಿದವು. ಅಷ್ಟು ಹೇಳಿ ಸರ್ ಆಫ್ರಿಕಾವನ್ನು ಅಂಗೈಯಿಂದ ಒರೆಸಿ ಹೊರಗೆ ಬರುತ್ತಿದ್ದರು.

ಕತೆ ಅವರ ನಡತೆಗೂ ಇಳಿದಿತ್ತು. ಶಾಲೆಯ ಮಕ್ಕಳನ್ನು ಕಿತ್ತೂರು ಕೋಟೆಗೆ ಕರೆದೊಯ್ಯುವುದಿತ್ತು. ಏನು ಮಹಾ, ಬೆಳಗ್ಗೆ ಹೋಗಿ ಸಂಜೆ ಬರುವ ದಾರಿ. ಸರ್ ಹಿಂದಿನ ದಿನವೇ ಬಸ್ಸಿನ ಕೆಳಗೆ ತೂರಿ ಟಾಯರ್ ತಟ್ಟಿ ನೋಡಿದರು. ಹಗ್ಗ, ಸುಟ್ಟಗಾಯದ ಮುಲಾಮು, ಎರಡೆರಡು ಡ್ರಮ್ಮು ನೀರು. ಹೊರಡುವ ಮುನ್ನ ಅಷ್ಟೂ ಮಕ್ಕಳನ್ನು ಉಚ್ಚೆಗೆ ಕಳಿಸಿದರು. ಡ್ರೈವರ್ ಹಲ್ಲು ಕಡಿಯುತ್ತ, "ಸರ, ನಾವು ಕಾಶಿಗೆ ಹೊಂಟೇವೇನ್ರೀ?" ಎಂದ. "ತಯಾರಿ ಇರಲಿಪಾ. ಹೊಂಟ ಮ್ಯಾಲ ನೆನಪಾದದ್ದು ಹೊಟ್ಟಿಗೂ ಇಲ್ಲ, ಬಟ್ಟಿಗೂ ಇಲ್ಲ" ಎಂದರು ಸರ್.

ನಾನು ಅವರ ಮನೆಯ ಮುಂದಿನ ಖೋಲಿಯಲ್ಲೇ ಬಾಡಿಗೆಗಿದ್ದೆ. ಹಾಗಾಗಿ ನೀಲವ್ವನ ಸ್ನೇಹ. ಸರ್ ಹೆಂಡತಿ. ಸುರೇಬಾನದ ಹೆಣ್ಣು, ನಾಲಿಗೆ ಚುರುಕು. ಮಕ್ಕಳಿರಲಿಲ್ಲ. ಆ ಮಾತು ಆ ಮನೆಯಲ್ಲಿ ಬರುತ್ತಲೂ ಇರಲಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ಗಂಡನನ್ನು ಬೈಯುವುದೇ ಆಕೆಯ ಸಂಗೀತ. "ಹಿತ್ತಲದಾಗಿಂದ ಒಂದ ಕೊಡಾ ನೀರ ತರಾಕ ಬರೂದಿಲ್ಲ, ಸಾಹೇಬ್ರು ರಷ್ಯಾದ ಹಡಗ ನಡಸ್ತಾರ ನೋಡ್ರಿ ಅಕ್ಕೋರ!" ಸರ್ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಬೈಸಿಕೊಳ್ಳಲೆಂದೇ ಅಡುಗೆಮನೆಗೆ ಬರುತ್ತಿದ್ದರು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನೀಲವ್ವನಿಗೆ ಹೊಟ್ಟೆನೋವು. ಅಜೀರ್ಣ, ಪಿತ್ತ, ಅದು ಇದು ಅಂತ ಓಂಕಾಳು ನೀರು ಕುಡಿದು ತಿಂಗಳುಗಟ್ಟಲೆ ಮುಚ್ಚಿಟ್ಟಳು ಮಹಾತಾಯಿ. ಹುಬ್ಬಳ್ಳಿಯಲ್ಲಿ ತೋರಿಸುವ ಹೊತ್ತಿಗೆ ಗಡ್ಡೆ. ಅಲ್ಲಿನ ಡಾಕ್ಟರು ಮುಂಬೈಯ ದೊಡ್ಡ ಆಸ್ಪತ್ರೆಗೆ ಹೋಗಿ ಆಪರೇಷನ್ ಆಗುತ್ತದೋ ನೋಡಿ ಎಂದರು, ಇನ್ನೊಂದು ಪರೀಕ್ಷೆಯ ಫಲ ಬಂದ ಮೇಲೆ ಫೋನು ಮಾಡುತ್ತೇನೆ ಎಂದರು. ಅಂದಿನಿಂದ ಟಾಯರ್ ತಟ್ಟುವ ಮನುಷ್ಯ ಸುಮ್ಮನೆ ಕೂತುಬಿಟ್ಟರು, ಹೊರಡುವ ತಯಾರಿಯನ್ನೆಲ್ಲ ಬೀಗರು ಬಿಜ್ಜರು ಕೈಗೆ ತೆಗೆದುಕೊಂಡರು.

ನಮ್ಮ ಕಡೆ ರೋಗಿ ಒಬ್ಬರೇ ದವಾಖಾನೆಗೆ ಹೋಗುವುದುಂಟೇ? ಗಾಡಿ ತುಂಬ ಮಂದಿ ಹೋಗಬೇಕು. ಒಂದು ಕ್ರೂಸರ್ ಜೀಪು ಗೊತ್ತಾಯಿತು. ಸರ್ ಅಕ್ಕ ದ್ಯಾಮವ್ವ ಹತ್ತಿದಳು, ಅವಳ ಮಗ ಸೊಸೆ ಹತ್ತಿದರು, ಹೆಂಗಸರ ಕೆಲಸಕ್ಕೆ ಬೇಕೆಂದು ನಾನು ಹತ್ತಿದೆ. ಗಂಟುಗಟ್ಟಲೆ ಕಟಕ ರೊಟ್ಟಿ, ಶೇಂಗಾ ಚಟ್ನಿ. ಮುಂಬೈಯ ಹಿಟ್ಟು ಒಗ್ಗುವುದಿಲ್ಲವೆಂದು ಒಂದು ಚೀಲ ಜೋಳದ ಹಿಟ್ಟು, ಒಂದು ಸ್ಟೋವು. ನೀಲವ್ವನಿಗೆ ಕಾಲು ಚಾಚಲು ಜಾಗವಿಲ್ಲದೆ ಹಿಟ್ಟಿನ ಚೀಲದ ಮೇಲೆ ಕಾಲಿಟ್ಟುಕೊಂಡಳು. ಸರ್ ಮೆಲ್ಲಗೆ, "ಕಲ್ಲಿದ್ದಲ ತುಂಬೇತ್ರಿ ಅಕ್ಕೋರ" ಎಂದರು. ನಗಲಿಲ್ಲ.

ಬೈಲಹೊಂಗಲದಿಂದ ಮುಂಬೈಗೆ ಬೆಳಗಾವಿಯ ಹಾದಿ. ನಮ್ಮ ಗಾಡಿ ಹೊರಟದ್ದು ವಿರುದ್ಧ ದಿಕ್ಕಿಗೆ, ಸುರೇಬಾನಕ್ಕೆ! ತವರಿನವರಿಲ್ಲದೆ ಹೆಣ್ಣುಮಗಳನ್ನು ಕೊಯ್ಯಲು ಕೊಟ್ಟರೆ ನಾಳೆ ಮಾತು ಬರುತ್ತದೆ ಎಂದು ದ್ಯಾಮವ್ವನ ಹಟ. ಸವದತ್ತಿ ದಾಟುವಾಗ ಎಲ್ಲಮ್ಮನ ಗುಡ್ಡಕ್ಕೆ ಕೈ ಮುಗಿದೆವು. ಸುರೇಬಾನದಲ್ಲಿ ನೀಲವ್ವನ ಅಣ್ಣ ಮಲ್ಲಪ್ಪ, ದೇವರ ಹೂ ಕೇಳದೆ ಹೊರಡುವುದಿಲ್ಲ ಎಂದ. ದೇವರ ಮೈಮೇಲೆ ಹಚ್ಚಿದ ಹೂ ಬಲಕ್ಕೆ ಬಿದ್ದರೆ ಹೋಗು, ಎಡಕ್ಕೆ ಬಿದ್ದರೆ ಬೇಡ ಅಂತ. ಎಡಕ್ಕೆ ಬಿತ್ತು. "ನಾವು ಬರೋಬ್ಬರಿ ಕೇಳಿಲ್ಲ, ನಾಳೆ ಕೇಳೂಣು" ಎಂದ. ಮರುದಿನವೂ ಎಡಕ್ಕೇ. ಮೂರನೆಯ ಬೆಳಿಗ್ಗೆ ಹೂ ಬಲಕ್ಕೆ ಬಿತ್ತು, ಎಲ್ಲರೂ ಕೆನ್ನೆ ಬಡಿದುಕೊಂಡರು. ದೇವರಿಗೂ ಬೇಸರ ಬಂದಿರಬೇಕು. ಮುಂಬೈ ಆಸ್ಪತ್ರೆಯವರು ತೋರಿಸಲು ಕೊಟ್ಟಿದ್ದ ದಿನ ಅಷ್ಟರಲ್ಲಿ ತಪ್ಪಿಹೋಗಿತ್ತು. ಸರ್ ಮಾತ್ರ ಯಾರು ಏನು ಹೇಳಿದರೂ "ಹೂಂ" ಎನ್ನುತ್ತಿದ್ದರು.

ಧಾರವಾಡದ ಮೇಲಿಂದ ಸುತ್ತಿ ಕಿತ್ತೂರಿಗೆ ಬಂದು ಚಹಾಕ್ಕೆ ನಿಂತೆವು. ಹುಬ್ಬಳ್ಳಿ ಡಾಕ್ಟರ ಫೋನು ಬಂದದ್ದು ಅಲ್ಲಿ. ರೋಗ ಪಿತ್ತಕೋಶ, ಯಕೃತ್ತು ಎಲ್ಲ ಕಡೆ ಹರಡಿದೆ, ಮುಂಬೈಗೆ ಹೋಗಿ ಉಪಯೋಗವಿಲ್ಲ, ಮನೆಗೆ ಕರೆದೊಯ್ದು ಇದ್ದಷ್ಟು ದಿನ ನೋವಾಗದಂತೆ ನೋಡಿಕೊಳ್ಳಿ ಎಂದರಂತೆ. ಸರ್ ಫೋನನ್ನು ಅಂಗಿಯ ಕಿಸೆಗೆ ಹಾಕಿಕೊಂಡರು. ಆಮೇಲೆ ಎಲ್ಲರಿಗೂ ಹೇಳಿದರು.

ಅಲ್ಲಿಂದ ಬಲಕ್ಕೆ ಹೊರಳಿದರೆ ಬೈಲಹೊಂಗಲ ಒಂದು ತಾಸಿನ ದಾರಿ. ಹೊರಳೋಣ ಎಂದು ಯಾರೂ ಬಾಯಿ ಬಿಡಲಿಲ್ಲ. ಮೊದಲು ಅಂದವರ ತಲೆಗೇ ಬರುತ್ತದಲ್ಲ! ಮಲ್ಲಪ್ಪ ಕೊನೆಗೆ, "ಹೂ ಬಲಕ್ಕ ಬಿದ್ದೈತ್ರೀ ಮಾವಾರ, ಡಾಕ್ಟರಗಿಂತ ದೇವರು ದೊಡ್ಡಾಂವ" ಎಂದ. ದ್ಯಾಮವ್ವ, "ಅರ್ಧಾ ಹಾದೀಲೆ ಹೊಳ್ಳಿ ಬಂದ್ರ ಮಂದಿ ಬಾಯಾಗ ಬೀಳ್ತೀಯೋ ತಮ್ಮಾ" ಎಂದಳು.

ಗಾಡಿಯೊಳಗಿನಿಂದ ನೀಲವ್ವ ಕರೆದಳು. "ನನಗ ಎಲ್ಲಾ ಕೇಳಸಾಕ ಹತ್ತೈತಿ. ಹೊಳ್ಳಸ್ರಿ ಗಾಡಿ. ನಾ ನನ್ನ ಮನ್ಯಾಗ ಸಾಯ್ತೇನಿ. ಸಾಲ್ಯಾಗ ಹುಡುಗರಿಗೆಲ್ಲಾ ಹೇಳ್ತೀರಲ್ಲಾ, ನೀವರ ಹೊಳ್ಳಸ್ರಿ."

ಸರ್ ಆಕೆಯ ಕಡೆ ನೋಡಲಿಲ್ಲ. ನಾನು ಅವರನ್ನು ಚಹಾದಂಗಡಿಯ ಹಿಂದಕ್ಕೆ ಕರೆದೊಯ್ದು, "ಏನ್ರೀ ಸರ್ ಇದು? ಆ ಅಡ್ಮಿರಲ್‌ಗ ಹುಚ್ಚ ಅಂತಿದ್ರಿ, ನೀವು ಮಾಡಾಕ ಹತ್ತಿದ್ದೇನು?" ಎಂದು ಕೇಳಿಯೇಬಿಟ್ಟೆ.

"ಹೊಳ್ಳಿ ಹೋಗಿ ಏನ ಮಾಡ್ಲಿ ಅಕ್ಕೋರ?" ಎಂದರು. "ಆಕಿ ಮುಂದ ಕುಂತು ದಿನಾ ಆಕಿ ಮಾರಿ ನೋಡಕೋತ ಇರಬೇಕಲ್ರೀ. ಅದು ನನಗ ಆಗೂದಿಲ್ಲ. ಗಾಡಿ ಓಡತಿದ್ರ ಏನೋ ಮಾಡಾಕ ಹತ್ತೇನಿ ಅನಸ್ತೈತಿ. ಆ ಅಡ್ಮಿರಲ್ಲೂ ಹಿಂಗ ಹೋಗಿರಬೇಕ್ರೀ. ಸುಳ್ಳ ಬೈದೆ ಅಂವಗ."

ಗಾಡಿ ನೆಟ್ಟಗೆ ಹೋಯಿತು. ಕಿತ್ತೂರು ಹಿಂದೆ ಬೀಳುವ ತನಕ ನೀಲವ್ವ ಬಲಗಡೆಯ ಕಿಟಕಿಯಿಂದ ಕಣ್ಣು ಕೀಳಲಿಲ್ಲ.

ಮುಂಬೈಯ ಬಗ್ಗೆ ಹೇಳಲು ಏನಿದೆ? ದಿನ ತಪ್ಪಿದ್ದಕ್ಕೆ ಹೊಸದಾಗಿ ಸಾಲು ನಿಂತೆವು. ಆಸ್ಪತ್ರೆಯ ಎದುರಿನ ಫುಟ್‌ಪಾತಿನಲ್ಲಿ ತಾಡಪತ್ರಿ ಕಟ್ಟಿಕೊಂಡು ಮಲಗಿದೆವು. ಸ್ಟೋವು ಹೊತ್ತಿಸಿದರೆ ಪೊಲೀಸರು ಬೈದರು. ಕೊನೆಗೊಂದು ದಿನ ದೊಡ್ಡ ಡಾಕ್ಟರು ನೋಡಿ, ಹುಬ್ಬಳ್ಳಿಯವರು ಹೇಳಿದ್ದನ್ನೇ ಹಿಂದಿಯಲ್ಲಿ ಹೇಳಿದರು. ಸಮುದ್ರ ಅಲ್ಲೇ ಹತ್ತಿರವಿತ್ತಂತೆ. ಮಲ್ಲಪ್ಪ ಹೋಗಿ ನೋಡಿ ಬಂದ. ಸರ್ ಹೋಗಲಿಲ್ಲ.

ತಿರುಗಿ ಬರುವಾಗ ನಿಪ್ಪಾಣಿ ದಾಟಿದ್ದೆವು, ಬಿಸಿಲು ಇಳಿಯುತ್ತಿತ್ತು. ಉಳಿದವರೆಲ್ಲ ತೂಕಡಿಸುತ್ತಿದ್ದರು. ನೀಲವ್ವನ ತಲೆ ಸರ್ ತೊಡೆಯ ಮೇಲಿತ್ತು. ಸೆರಗು ಸರಿಮಾಡಲೆಂದು ನಾನು ಕೈ ಹಾಕಿದೆ, ಉಸಿರಿರಲಿಲ್ಲ. ಚೀರಬೇಕೆನ್ನುವಷ್ಟರಲ್ಲಿ ಸರ್ ನನ್ನ ಕೈ ಹಿಡಿದುಕೊಂಡರು. ಅವರಿಗೆ ಆಗಲೇ ಗೊತ್ತಿತ್ತು.

"ಅಕ್ಕೋರ, ನಿಮ್ಮ ಕಾಲ ಬೀಳ್ತೇನಿ, ಸುಮ್ಮನಿರ್ರಿ" ಎಂದು ಪಿಸುಗುಟ್ಟಿದರು. "ಹೊರಗ ಸತ್ತಾಳಂತ ಗೊತ್ತಾದ್ರ ಒಳಗ ಬಿಡೂದಿಲ್ಲ. ಜೀವಾ ಐತಿ ಅಂತ ಹೇಳಿ ಮನ್ಯಾಗ ಒಯ್ಯೂಣು. ಹಾಸಿಗಿ ಮ್ಯಾಲ ಮಲಗಿಸೂಣು. ಆಮ್ಯಾಲ ಅಳೂಣು."

ಬೆಳಗಾವಿ ಬಂತು, ಹೋಯಿತು. ಸರ್ ದಾರಿಯುದ್ದಕ್ಕೂ ಆಕೆಯ ತುಟಿಗೆ ಹನಿಹನಿ ನೀರು ಬಿಡುತ್ತ, "ಬಂತು ನೋಡು, ಬೈಲಹೊಂಗಲ ಬಂತು" ಎಂದು ಎಲ್ಲರಿಗೂ ಕೇಳುವಂತೆ ಮಾತಾಡಿಸುತ್ತಿದ್ದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದೆ. ಓಣಿಗೆ ಬಂದೆವು. ಸರ್ ಆಕೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಹೊಸ್ತಿಲ ಹತ್ತಿರ ಹೊರಚಾಚಿದ್ದ ಕೈಯನ್ನು ಮಡಚಿಡಲು ದ್ಯಾಮವ್ವ ಹಿಡಿದಳು. "ಯವ್ವಾ! ಸೆಟದೈತಲ್ಲೋ ಕೈ! ಯಾವಾಗ ಹೋಗ್ಯಾಳೋ ಇಕಿ!"

ಸರ್ ನುಗ್ಗಿಯೇಬಿಡುತ್ತಿದ್ದರು. ಓಣಿಯ ಹಿರಿಯರು ಅಡ್ಡ ನಿಂತರು. ಕೆಟ್ಟವರಲ್ಲ, ರೂಢಿ ಹಾಗೆ. "ಬ್ಯಾಡ್ರೀ ಮಾಸ್ತರ, ಮನಿಗೆ ಚಲೋ ಅಲ್ಲ" ಎಂದು ಕೈ ಮುಗಿದರು. ನೀಲವ್ವನನ್ನು ಹೊರಗಿನ ಕಟ್ಟೆಯ ಮೇಲೆ ಮಲಗಿಸಿದರು. ಮರುದಿನ ಅಲ್ಲಿಂದಲೇ ಒಯ್ದರು. ಸರ್ ಅಷ್ಟು ಹೊತ್ತೂ ತೆರೆದ ಬಾಗಿಲಿಗೆ ಒರಗಿ ನಿಂತಿದ್ದರು.

ಆಮೇಲೆ ನನಗೆ ರಾಮದುರ್ಗಕ್ಕೆ ವರ್ಗವಾಯಿತು, ಅವರು ನಿವೃತ್ತರಾದರು. ಒಂದು ಮಧ್ಯಾಹ್ನ ನೋಡಲು ಹೋದೆ. ಕಟ್ಟೆಯ ಮೇಲೆ ಹಾಸಿಗೆ ಸುತ್ತಿಟ್ಟಿತ್ತು. ಮಳೆಯಿರಲಿ ಚಳಿಯಿರಲಿ ಅಲ್ಲೇ ಮಲಗುತ್ತಾರೆಂದು ನೆರೆಮನೆಯವರು ಹೇಳಿದರು. ನಾನೇ ಒಳಗೆ ಹೋಗಿ ಚಹಾ ಮಾಡಿ ತಂದೆ. ಸರ್ ಬಟ್ಟಲನ್ನು ಪಕ್ಕಕ್ಕೆ ಇಟ್ಟರು.

"ಕಿತ್ತೂರಾಗ ಹೊಳ್ಳಿದ್ರ ಇನ್ನೊಂದ ತಿಂಗಳಾದ್ರೂ ಒಳಗ ಕುಂತು ನನ್ನ ಬೈತಿದ್ಲರೀ" ಎಂದರು. "ಆಕಿ ಜನ್ಮದಾಗ ನನಗ ಕೇಳಿದ್ದು ಅದೊಂದ. ಈಗ ಬೈಯಾವ್ರೂ ಇಲ್ಲ. ನೀವರ ಬೈರಿ ಅಕ್ಕೋರ. ಕಿತ್ತೂರಾಗ ಬೈದಿದ್ರಲ್ಲಾ, ಹಂಗ."

ಬೈಯಬೇಕೆಂದು ನೋಡಿದೆ. ಆ ಮನುಷ್ಯನಿಗೆ ಅಷ್ಟಾದರೂ ಕೊಟ್ಟು ಬರಬೇಕಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ, ಹೂಂ ಎಂದರು. ಅವರು ತೀರಿದ ಸುದ್ದಿ ಮುಂದಿನ ಚಳಿಗಾಲದಲ್ಲಿ ಬಂತು. ಅದೇ ಕಟ್ಟೆಯ ಮೇಲೆ ಹೋದರಂತೆ, ಬಾಗಿಲು ತೆರೆದೇ ಇತ್ತಂತೆ.