ರೂತವ್ವನ ಬರಿ ಹಣಿ

ರೂತವ್ವನಂಥಾ ಅಂಜುಬುರುಕಿ ಕಮಲಾಪುರದಾಗ ಇನ್ನೊಬ್ಬಾಕಿ ಇದ್ದಿಲ್ಲ. ಆಡಿಕೊಳ್ಳಾಕ ಹೇಳಾಕತ್ತಿಲ್ಲ ನಾ, ಅಕೀನೇ ತನ್ನ ಬಾಯಿಲೆ ಹೇಳ್ತಿದ್ಲು. ಹಲ್ಲಿ ಕಂಡ್ರ ಅಂಜಿಕಿ, ಗುಡುಗಿದ್ರ ಅಂಜಿಕಿ, ಖಾಕಿ ಅಂಗಿ ಕಂಡ್ರಂತೂ ಕೈಯಾಗಿನ ಕಸಬರಗಿ ಅಲ್ಲೇ ಒಗದು ಬಾಗಲಾ ಹಾಕ್ಕೋತಿದ್ಲು. ದೇವರನ್ನ ನಂಬಿದವರಿಗಿ ಅಂಜಿಕಿ ಇರಂಗಿಲ್ಲ ಅಂತ ಕೆಲವರು ದೊಡ್ಡ ದನಿ ತಗದು ಹೇಳ್ತಾರಲ್ಲ, ಅಂಥವರನ್ನ ಕಂಡ್ರ ನನಗ ಮೈಯೆಲ್ಲಾ ಉರೀತದ. ಅವರು ಒಂದು ದಿನಾನೂ ರೂತವ್ವನ ಹಂಗ ಅಂಜಿಲ್ಲ, ಅಕಿ ಹಂಗ ನಂಬಿಯೂ ಇಲ್ಲ.

ಹುಟ್ಟಿದಾಗಿನ ಹೆಸರು ದುರಗವ್ವ. ಮದವಿ ಆದ ಹೊಸದರಾಗ ಗಂಡಾ ಹೆಂಡ್ತಿ ಇಬ್ರೂ ದೀಕ್ಷಾಸ್ನಾನ ತಗೊಂಡ್ರು. ಪಾದ್ರಿಯವರು ರೂತ್ ಅಂತ ಹೆಸರಿಟ್ರು, ಓಣಿ ಮಂದಿ ಅದಕ್ಕೊಂದು ಅವ್ವ ಸೇರಿಸಿದ್ರು. ಅವತ್ತ ಅಳಿಸಿದ ಕುಂಕಮ ಅಕಿ ಮತ್ತ ಹಚ್ಚಲಿಲ್ಲ. ಓದಿಲ್ಲ, ಬರದಿಲ್ಲ, ತಾನು ಯೇಸಪ್ಪನಾಕಿ ಅಂತ ಹೇಳ್ಕೊಳ್ಳಾಕ ಅಕಿಗಿ ಇದ್ದಿದ್ದು ಆ ಬರಿ ಹಣಿ ಒಂದೇ. ಮಿಕ್ಕಿದ್ದಕ್ಕೆಲ್ಲಾ ನಡಗೂ ಹೆಂಗಸು, ಈ ಮಾತಿಗಿ ಬಂದ್ರ ಮಾತ್ರ ಹಠಾ ಹಿಡೀತಿದ್ಲು.

ಗಂಡ ಕಾಲರಾ ಬಂದು ಹೋದ. ಓಣಿ ಮುದುಕ್ಯಾರು ಅಕಿ ಬಳಿ ಒಡ್ಯಾಕ ಬಂದ್ರು. ಆವಾಗ ಪಕ್ಕದ ಮನಿ ಮಸ್ತಾನಬೀ ನಡುವ ಬಂದು ನಿಂತ್ಲು. ಮಸ್ತಾನಬೀ ಬಳಿ ಮಾರಾಕಿ, ತಾನೂ ಗಂಡನ್ನ ಕಳಕೊಂಡಾಕಿ, ಬಾಯಿ ಭಾಳ ಜೋರು. "ಏ ರೂತವ್ವಾ, ನಿನ್ನ ದೇವರು ಬಳಿ ಒಡಿ ಅಂದಾನೇನು?" ಅಂತ ಕೇಳಿದ್ಲು. ರೂತವ್ವ ಅಳಕೋತ ಇಲ್ಲ ಅಂತ ತಲಿ ಅಲ್ಲಾಡಿಸಿದ್ಲು. "ಮತ್ತ ಇವರ್ಯಾಕ ಒಡೀತಾರ? ಹಾಕಿದಾಕಿ ನಾ. ನಡೀರಿ, ನಡೀರಿ!" ಅಂತ ಎಲ್ಲಾರ್ನೂ ಅಟ್ಟಿಬಿಟ್ಲು. ಅವತ್ತಿನಿಂದ ವರ್ಷಾ ವರ್ಷಾ ರೂತವ್ವನ ಕೈಗಿ ಹಸರ ಬಳಿ ತಾನೇ ಏರಸ್ತಿದ್ಲು. ಎಷ್ಟು ಬಿಗಿ ಅಂದ್ರ, ಮಸ್ತಾನಬೀ ಕೈ ಹಚ್ಚಲಾರದ ಅವು ಹೊರಗ ಬರ್ತಿದ್ದಿಲ್ಲ.

ರೂತವ್ವನ ಕೆಲಸ ಊರಂಚಿನ ಪ್ರಾರ್ಥನಾ ಮನಿ ಕಸಾ ಹೊಡ್ಯೂದು, ದೀಪಾ ಹಚ್ಚೂದು. ಸಂಜಿ ಆತಂದ್ರ ತನ್ನ ಮನಿ ಹೊಸ್ತಿಲದಾಗ ಕುಂತು, ಕಣ್ಣ ಮುಚ್ಚಿ, ದೇವರಿಗಿ ಕಿವಿ ಮಂದ ಅದಾವ ಅನ್ನೂವಂಗ ಒದರಿ ಪ್ರಾರ್ಥನಾ ಮಾಡ್ತಿದ್ಲು. ಓಣಿ ಒಂದೊಂದು ಮನಿ ಹೆಸರೂ ಸಾಲು ಹಿಡದು ಬರ್ತಿತ್ತು. "ಯೇಸಪ್ಪಾ, ಮಾನಮ್ಮನ ಮನಿ ಕಾಯಿ, ಅಕಿ ಕೂಸಿನ ಕೆಮ್ಮ ಕಮ್ಮಿ ಮಾಡು. ಗುರುಲಿಂಗಪ್ಪನ ಬಾಳಿ ತ್ವಾಟಾ ಕಾಯಿ, ಅವನ ಸಿಟ್ಟು ಇಳಸು. ಮಸ್ತಾನಬೀನ್ನ ಕಾಯಿ, ಅಕಿ ಬುಟ್ಟ್ಯಾಗಿನ ಬಳಿ ಒಂದೂ ಒಡೀಬಾರ್ದು. ಕಮಲಾಪುರ ಪೂರಾ ನಿನ್ನ ಕೈಯಾಗ ಅದ. ಆಮೆನ್." ಮಂದಿ ನಗ್ತಿದ್ರು. ಗುರುಲಿಂಗಪ್ಪಂತೂ, "ನನ್ನ ಸಿಟ್ಟಿನ ಸುದ್ದಿ ದೇವರಿಗ್ಯಾಕ ಬೇ?" ಅಂತ ಅದಕ್ಕೂ ಸಿಟ್ಟಿಗೇಳ್ತಿದ್ದ. ಆದ್ರ ಜ್ವರಾ ಬಂದು ಅಕಿ ಮಲಗಿದ ದಿನ ಎಲ್ಲಾರೂ ಬಂದು, ಇವತ್ತ ನಮ್ಮನಿ ಹೆಸರು ಬರಲಿಲ್ಲಲ್ಲ ಅಂತ ಕೇಳಾವ್ರೇ.

ಹಿಂಗಿರಾಗ ನಿಜಾಮನ ಕಡೆ ಹೊಡದಾಡೂ ರಜಾಕಾರರ ಕಾಲ ಬಂತು. ಅವರು ಊರಿಗಿ ನುಗ್ಗಿ ಗುರುಲಿಂಗಪ್ಪನ್ನ ಹುಡುಕಿದಾಗ, ಮಸ್ತಾನಬೀ ಅವನ್ನ ತನ್ನ ಬಳಿ ಬುಟ್ಟಿಗೋಳ ಹಿಂದ ಕುಂದರಿಸಿ, ಬಾಗಲದಾಗ ತಾನು ನಿಂತು, ಇಲ್ಲಿ ಯಾವ ಗಂಡಸೂ ಇಲ್ಲ ಅಂತ ಉರ್ದುದಾಗ ಬೈದು ಕಳಿಸಿದ್ಲು. ಮುಂದ ಪೋಲೀಸ್ ಆಕ್ಷನ್ ಆತು, ದಿಲ್ಲಿ ಫೌಜು ಬಂತು. ಮಿಲಿಟರಿ ಗಾಡಿಗೋಳು ಹುಮನಾಬಾದ ರಸ್ತೆದಾಗ ಧೂಳೆಬ್ಬಿಸ್ಕೋತ ಹೋದ್ವು, ಮಂದಿ ಜೈಕಾರಾ ಹಾಕಿದ್ರು. ಇನ್ನ ಅಂಜಿಕಿ ಮುಗೀತು ಅಂತ ರೂತವ್ವ ತಿಳಕೊಂಡ್ಲು. ಎಲ್ಲಿ ಮುಗೀತ್ರಿ! ರಜಾಕಾರರು ಓಡಿಹೋದ್ರು, ಅವರ ಪಾಪಾ ಬಡವರ ತಲಿ ಮ್ಯಾಲ ಬಿತ್ತು. ಆ ಹಳ್ಳ್ಯಾಗ ಸಾಬರ ಮನಿ ಸುಟ್ರಂತ, ಈ ಹಳ್ಳ್ಯಾಗ ಬಾವ್ಯಾಗ ಹೆಣಾ ತೇಲ್ಯಾವಂತ ಅಂತ ಸುದ್ದಿ ಬರಾಕತ್ತಿದ್ವು. ಮಸ್ತಾನಬೀ ರೂತವ್ವನ ಮನ್ಯಾಗ ಜ್ವಾಳಾ ತುಂಬಿಡೂ ಗುಮ್ಮಿ ಹಿಂದ ಅಡಗಿ ಕುಂತ್ಲು. ಅಷ್ಟು ಜೋರ ಬಾಯಿ ಇದ್ದಾಕಿ, ನೀರು ಬೇಕಂದ್ರೂ ಪಿಸುಮಾತಿಲೆ ಕೇಳಾಕತ್ತಿದ್ಲು.

ಕಲಬುರ್ಗಿದಾಗ ರೋಜಾ ಅನ್ನೂ ಮೊಹಲ್ಲಾದಾಗ ಮಸ್ತಾನಬೀ ಮಗಳು ನಜ್ಮಾ ಇದ್ಲು. ಕಲಬುರ್ಗಿಗಿ ಮಿಲಿಟರಿ ಬಂದು ಕುಂತದ, ಅಲ್ಲಿ ಮುಟ್ಟಿದ್ರ ಜೀವಾ ಉಳೀತದ ಅಂದ್ರು. ಗುರುಲಿಂಗಪ್ಪ ಕೆಂಬಾಳಿ ಗೊನಿ ಹೇರಿದ ಬಂಡಿ ತಂದು ನಿಲ್ಲಿಸಿದ. "ಅಕ್ಕಾ ಅಂತ ಹೇಳಿ ಕರಕೊಂಡು ಹೋಗ್ತೀನಿ. ಅಕಿ ನನ್ನ ಉಳಿಸ್ಯಾಳ," ಅಂದ. ಎದುರು ಮನಿ ಮಾನಮ್ಮ ತನ್ನ ಇಳಕಲ್ ಸೀರಿ ತಂದು ಉಡಿಸಿದ್ಲು, ಮಸ್ತಾನಬೀ ಹಣಿಗಿ ಕುಂಕಮ ಹಚ್ಚಿದ್ಲು. ಮಸ್ತಾನಬೀ ಕಣ್ಣ ಮುಚ್ಚಿ ಹಚ್ಚಿಸ್ಕೊಂಡ್ಲು. "ಮ್ಯಾಲಿನವಗ ಗೊತ್ತದ," ಅಂದ್ಲು, ಅಷ್ಟೇ.

ರೂತವ್ವನೂ ಬಂಡಿ ಹತ್ತಾಕ ಬಂದ್ಲು. ಎಲ್ಲಾರೂ ಬೆರಗಾದ್ರು. "ನೀ ಎಲ್ಲಿಗಿ ಬೇ? ಹಲ್ಲಿಗಿ ಅಂಜತಿ!" ಅಂದ ಗುರುಲಿಂಗಪ್ಪ.

"ಅಂಜಿಕಿ ಅದಪ್ಪಾ. ನೋಡು, ಕಾಲು ನಡಗಾಕತ್ತಾವ," ಅಂದ್ಲು ರೂತವ್ವ. "ಆದ್ರ ದಿನಾ ಸಂಜಿಗಿ ಬೀನ್ನ ಕಾಯಿ, ಬೀನ್ನ ಕಾಯಿ ಅಂತ ದೇವರಿಗಿ ಹೇಳಿ, ಇವತ್ತ ನಾ ಮನ್ಯಾಗ ಕುಂತ್ರ ಯಾವ ಬಾಯಿಲೆ ಮತ್ತ ಪ್ರಾರ್ಥನಾ ಮಾಡ್ಲಿ?"

ಮಾನಮ್ಮ ಕುಂಕಮದ ಬಟ್ಟಲಾ ಅಕಿ ಮುಂದ ಹಿಡದ್ಲು. "ಹಂಗಾದ್ರ ನೀನೂ ಹಚ್ಕೋ. ಬರಿ ಹಣಿ ನೋಡಿ ಸಾಬರಾಕಿ ಅಂದಾರು." ರೂತವ್ವನ ಬೆರಳು ಬಟ್ಟಲದ ತನಾ ಹೋತು, ತಿರುಗಿ ಬಂತು. "ಒಲ್ಲೆ ಯವ್ವಾ. ಇದೊಂದು ಕೇಳಬ್ಯಾಡ. ಕೇಳಿದ್ರ ಗಂಡ ಇಲ್ಲದಾಕಿ ಅಂದ್ರಾತು," ಅಂದ್ಲು. ಅದೂ ಖರೇನೇ ಅಂತ ಎಲ್ಲಾರೂ ಒಪ್ಪಿದ್ರು. ಬ್ಯಾರೆ ದಿನ ಆಗಿದ್ರ ಗುರುಲಿಂಗಪ್ಪ ಅಕಿ ಹುಟ್ಟಿದ ಜಾತಿ ನೋಡಿ ಬಂಡಿ ಮುಟ್ಟಾಕೂ ಬಿಡ್ತಿದ್ದಿಲ್ಲ. ಅವತ್ತ ತಾನೇ ಗೋಣಿಚೀಲಾ ಹಾಸಿ ಕೊಟ್ಟ.

ಮಹಾಗಾಂವ ದಾಟೂ ತನಾ ಯಾರೂ ತಡೀಲಿಲ್ಲ. ಎರಡೂ ಕಡೆ ತೊಗರಿ ಎದಿಮಟ ಬೆಳದಿತ್ತು. ಗಾಳಿಗಿ ತೊಗರಿ ಅಲ್ಲಾಡಿದ್ರೂ ರೂತವ್ವ ಗೊನಿ ಹಿಂದ ಸರೀತಿದ್ಲು. ಸೆರಗು ಸರಿ ಮಾಡ್ಕೊಳ್ಳಾಕ ಕೈ ಎತ್ತಿದ್ಲು ನೋಡ್ರಿ, ಬಳಿ ಸಪ್ಪಳಾದ್ವು. ಹಸರ ಬಳಿ. ಗಂಡ ಸತ್ತಾಕಿ ಕೈಯಾಗ ತುಂಬ ಬಳಿ! ಎಷ್ಟೋ ವರ್ಷದಿಂದ ಆ ಕೈ ನೋಡಿ ನೋಡಿ ಓಣ್ಯಾಗ ಒಬ್ಬರಿಗೂ ಅದು ಹೊಳದಿಲ್ಲ. ಹಣಿ ಬರಿದು, ಕೈ ತುಂಬ ಬಳಿ. ಆ ಸೀಮ್ಯಾಗ ಹಂಗ ಇರಾವ್ರು ಸಾಬರ ಹೆಂಗಸರಷ್ಟೇ.

"ಬೀ, ಇವು ತಗಿ," ಅಂತ ಉಸರಿದ್ಲು. ಮಸ್ತಾನಬೀ ನೋಡಿದ್ಲು. ಕೈ ಹಿಡದು ಒಂದು ಬಳಿ ಹಿಂಡಿ ತಗಿಯಾಕ ಹತ್ತಿದ್ಲು. ಬಿಗಿ ಬಳಿ, ಬರಲಿಲ್ಲ. ಅಷ್ಟರಾಗ ತೊಗರ್ಯಾಗಿಂದ ಮಂದಿ ಎದ್ದು ಬಂದ್ರು. ಕೈಯಾಗ ಬಡಗಿ, ಕೊಡ್ಲಿ. ಯಾವೂರವರೋ ಏನೋ, ಒಂದೂ ಗುರ್ತಿನ ಮುಖ ಇಲ್ಲ.

"ಯಾರ್ಯಾರದಾರ ಬಂಡ್ಯಾಗ?" ಅಂದ ಮುಂದಿನಾಂವ. ಗುರುಲಿಂಗಪ್ಪ ಎತ್ತಿನ ಹಗ್ಗಾ ಹಿಡದು, "ನಮ್ಮಕ್ಕ. ಅಕಿ ಕಿರಸ್ತಾನರಾಕಿ, ನಮ್ಮೂರಾಕಿ. ಬಾಳೀಕಾಯಿ ಮಾರಾಕ ಹೊಂಟೀವಿ," ಅಂದ. ಆ ಮನಷ್ಯಾ ರೂತವ್ವನ ಹಣಿ ನೋಡ್ದ, ಕೈ ನೋಡ್ದ. "ಯಾರಿಗಿ ಹೇಳ್ತೀಲೇ? ಸಾಬರಾಕೀನ್ನ ಮುಚ್ಚಿಟ್ಕೊಂಡು ಹೊಂಟೀಯಲ್ಲ! ಇಬ್ರನ್ನೂ ಇಳಸ್ರೋ!" ಅಂದ.

ಇಬ್ರನ್ನೂ ಅಂದ ಕೂಡ್ಲೆ ರೂತವ್ವಗ ಎದಿಗಿ ಕೊಡ್ಲಿ ಬಿದ್ದಂಗಾತು. ನನ್ನ ಹಠದಿಂದ ಬೀ ಸಾಯ್ತಾಳ. ಯೇಸಪ್ಪನ ಗುರುತು ಅಂತ ಇಟ್ಕೊಂಡೆ, ಅದರಾಗ ನನ್ನ ಹಮ್ಮೂ ಕುಂತಿತ್ತೇನೋ. ತಪ್ಪಾತಪ್ಪ, ನನಗೇನೂ ತಿಳೀದು, ಈಗ ನೀನೇ ಮಾಡು. ಇಷ್ಟೇ ಅಂದ್ಲು ಮನಸಿನಾಗ. ಗೊನಿ ಹಿಡಕೊಂಡು ತಾನೇ ಕೆಳಗ ಇಳದ್ಲು. ಮಣ್ಣಾಗ ಕುಂತ್ಲು. "ಯಪ್ಪಾ, ಅನುಮಾನ ಇದ್ದಿದ್ದು ನನ್ನ ಮ್ಯಾಲ. ನಾ ಇಲ್ಲೇ ಇರ್ತೀನಿ. ಬಂಡಿ ಬಿಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ," ಅಂತ ಕೈ ಮುಗದ್ಲು.

"ಕಿರಸ್ತಾನರಾಕಿ ಆಗಿದ್ರ ನಿಮ್ಮ ಪ್ರಾರ್ಥನಾ ಹೇಳು ನೋಡೋಣು," ಅಂದ ಆ ಮನಷ್ಯಾ.

ರೂತವ್ವಗ ಪಾದ್ರಿಯವರು ಕಲಿಸಿದ್ದು ಒಂದೂ ನೆನಪಾಗಲಿಲ್ಲ. ಎಲ್ಲಾ ಅಳಿಸಿ ಹೋಗಿತ್ತು. ಬಾಯಿಗಿ ಬಂದಿದ್ದು ಅಕಿದೇ ಸಂಜಿ ಪ್ರಾರ್ಥನಾ. "ಯೇಸಪ್ಪಾ, ಮಾನಮ್ಮನ ಮನಿ ಕಾಯಿ, ಅಕಿ ಕೂಸಿನ ಕೆಮ್ಮ ಕಮ್ಮಿ ಮಾಡು. ಗುರುಲಿಂಗಪ್ಪನ ಬಾಳಿ ತ್ವಾಟಾ ಕಾಯಿ, ಅವನ ಸಿಟ್ಟು ಇಳಸು..." ಅಲ್ಲಿಗಿ ನಿಂತ್ಲು. ಮುಂದಿನ ಹೆಸರು ನಾಲಿಗಿ ತುದಿಗಿ ಬಂದು ಕುಂತದ. ಅದು ಹೇಳಿದ್ರ ಮುಗೀತು. ಅದನ್ನ ಬಿಟ್ಟು ಹಾರೂದು ಆ ನಾಲಿಗಿಗಿ ಗೊತ್ತೇ ಇಲ್ಲ. ಬಾಯಿ ತೆರದು ಹಂಗೇ ಕುಂತ್ಲು, ಕಣ್ಣಾಗ ನೀರು ಸುರಿಯಾಕತ್ತಿತು.

"ಮುಂದ ಹೇಳಬೇ!" ಅಂತ ಅವ ಬಡಗಿ ನೆಲಕ್ಕ ಕುಟ್ಟಿದ.

ಆವಾಗ ಬಂಡಿ ಮ್ಯಾಲಿಂದ ಜೋರ ದನಿ ಬಂತು. "ಮರತ್ಯಾ? ದಿನಾ ಸಂಜಿಗಿ ಒದರಿ ಒದರಿ ನಮ್ಮ ಕಿವಿ ತೂತು ಮಾಡ್ತಿದ್ದಿ, ಇವತ್ತ ಮರತ್ಯಾ?" ಕುಂಕಮ ಹಚ್ಕೊಂಡ ಮಸ್ತಾನಬೀ ಗೊನಿ ನಡುವಿಂದ ಎದ್ದು ನಿಂತಿದ್ಲು. ಅದೇ ಹಳೀ ಬಾಯಿ. "ನಾ ಹೇಳ್ತೀನಿ ಕೇಳ್ರಿ, ಓಣಿಗೆಲ್ಲಾ ಬಾಯಿಪಾಠ ಆಗ್ಯದ. ಕಮಲಾಪುರ ಪೂರಾ ನಿನ್ನ ಕೈಯಾಗ ಅದ. ಅಷ್ಟಕ್ಕ ಅಕೀದು ಮುಗೀತದ. ತನ್ನ ಹೆಸರು ಒಂದಿನಾನೂ ಹೇಳ್ಕೊಂಡಾಕಿ ಅಲ್ಲ. ಅದಕ್ಕ ನಾ ಗ್ವಾಡಿ ಆಚಿಂದ ದಿನಾ ಒಂದು ಮಾತು ಸೇರಸ್ತೀನಿ. ರೂತವ್ವನ್ನೂ ಕಾಯಪ್ಪಾ, ಅಕಿ ಭಾಳ ಅಂಜತಾಳ."

ರೂತವ್ವ ತಲಿ ಎತ್ತಿ ನೋಡಿದ್ಲು. ಇಷ್ಟು ವರ್ಷದಾಗ ಅಕಿಗಿ ಇದು ಗೊತ್ತೇ ಇದ್ದಿಲ್ಲ.

ಹಿಂದ ನಿಂತವರಾಗ ಒಬ್ಬಾಂವ ನಕ್ಕ. ಇನ್ನೊಬ್ಬ, "ಬಿಡೋ ಮಾರಾಯ, ಸಾಬರಾಕಿ ಯೇಸಪ್ಪಾ ಅಂತಾಳೇನು?" ಅಂದ. ಮುಂದಿನಾಂವ ಇನ್ನೊಂದು ಸಲ ಆ ಹಸರ ಬಳಿ ನೋಡ್ದ, ಬಂಡ್ಯಾಗಿಂದ ಒಂದು ಗೊನಿ ಎಳಕೊಂಡು, ನಡೀರಿ ಅಂತ ಕೈ ಮಾಡ್ದ. ರೂತವ್ವನ್ನ ಗುರುಲಿಂಗಪ್ಪನೇ ರಟ್ಟಿ ಹಿಡದು ಬಂಡಿಗಿ ಹತ್ತಿಸಿದ. ಕಲಬುರ್ಗಿ ಕಾಣೂ ತನಾ ಎಲ್ಲೂ ನಿಲ್ಲದ ಎತ್ತು ಹೊಡದ. ಇಬ್ರು ಹೆಂಗಸರು ಒಬ್ರ ಕೈ ಒಬ್ರು ಹಿಡಕೊಂಡು ಕುಂತಿದ್ರು.

ರೋಜಾದ ಓಣ್ಯಾಗ ನಜ್ಮಾ ಬಾಗಲಾ ತಗದು, ಕುಂಕಮ ಹಚ್ಚಿದ ಅವ್ವನ್ನ ಗುರ್ತು ಹಿಡೀದೆ ಹಿಂದಕ್ಕ ಸರದ್ಲು, ಆಮ್ಯಾಲ ಒದರಿ ತೆಕ್ಕಿಗಿ ಬಿದ್ಲು. ಮಸ್ತಾನಬೀ ಸೆರಗಿಲೆ ಹಣಿ ಒರಸ್ಕೊಂಡ್ಲು. ಅಂಗಳದಾಗ ರೂತವ್ವನ್ನ ಕುಂದರಿಸಿ, ಎಣ್ಣಿ ಹಚ್ಚಿ ಹಚ್ಚಿ ಆ ಬಳಿ ಒಂದೊಂದೇ ತಗದ್ಲು. "ಗದ್ದಲ ಮುಗೀಲಿ, ಮತ್ತ ನಾನೇ ಹಾಕ್ತೀನಿ," ಅಂದ್ಲು.

ಮಸ್ತಾನಬೀ ಕಮಲಾಪುರಕ್ಕ ತಿರುಗಿ ಬರಲಿಲ್ಲ. ಅಕಿ ಮನಿ ಸುಟ್ಟಿದ್ರು, ನಡುವಿನ ಗ್ವಾಡಿ ಒಂದು ಕರ್ರಗಾಗಿ ಉಳದಿತ್ತು. ವರ್ಷಕ್ಕೊಮ್ಮೆ ರೂತವ್ವನೇ ರೋಜಾಕ್ಕ ಹೋಗಿ ಬಳಿ ಹಾಕಿಸ್ಕೊಂಡು ಬರ್ತಿದ್ಲು. ಬರಿ ಹಣೀನೂ ಹಂಗೇ ಉಳೀತು. ಆದ್ರ ಕುಂಕಮ ಹಚ್ಚಿದ ಕಿರಸ್ತಾನ ಹೆಂಗಸರನ್ನ ಕಂಡ್ರ ಮೊದಲಿನಂಗ ಮುಖಾ ತಿರುವೂದು ಬಿಟ್ಲು. ಅಂಜಿಕಿ ಮಾತ್ರ ಹೋಗಲಿಲ್ಲ. ತೊಗರಿ ಹೊಲಾ ಕಂಡ್ರ ಸಾಯೂ ತನಾ ಅಕಿ ಕಾಲು ನಡಗ್ತಿದ್ವು.

ಆ ದಿನ ಕಲಬುರ್ಗಿಯಿಂದ ಬಂದು, ಮೊದಲನೇ ಸಂಜಿ ಹೊಸ್ತಿಲದಾಗ ಕುಂತ್ಲು. ಮಾನಮ್ಮನ ಮನಿ ಆತು, ಗುರುಲಿಂಗಪ್ಪನ ತ್ವಾಟಾ ಆತು, ರೋಜಾದಾಗಿನ ಮಸ್ತಾನಬೀ ಆತು, ಕಮಲಾಪುರ ಪೂರಾ ಆತು. ಆಮೆನ್ ಅನ್ನಾಕ ಬಾಯಿ ತೆರದಾಕಿ ನಿಂತ್ಲು. ಸುಟ್ಟ ಗ್ವಾಡಿ ಕಡೆ ಕಿವಿ ಕೊಟ್ಟು ಭಾಳ ಹೊತ್ತು ಕಾದ್ಲು. ಆ ಕಡಿಂದ ಹೇಳಾವ್ರು ಯಾರೂ ಇದ್ದಿಲ್ಲ. ಕಡೀಗಿ ನಾಚಿಕೊಂಡು, ಓಣಿಗಿ ಕೇಳಿಸಲಾರದಷ್ಟು ಸಣ್ಣ ದನೀಲೆ ತಾನೇ ಅಂದ್ಲು:

"ರೂತವ್ವನ್ನೂ ಕಾಯಪ್ಪಾ. ಅಕಿ ಭಾಳ ಅಂಜತಾಳ."