ಬೆಲ್ಲ ಹಿಡಿದು ಕಾದವರು

ಚಂದನಾ, ಪೃಥ್ವಿ, ನಿಮ್ಮಜ್ಜಿ ಬರೆಯುತ್ತಿದ್ದೇನೆ, ಕೇಳಿ. ನಾಲ್ಕು ತುಂಬಿದರೂ ಚಂದನಾ ಮಾತಾಡಿರಲಿಲ್ಲ. ನಾಲಿಗೆಗೆ ಬಜೆ ತೇಯ್ದು ಹಚ್ಚಿದ್ದೂ ಫಲಿಸಲಿಲ್ಲ. ದೂರದ ಮೂಗರ ಶಾಲೆಯ ಹಾಸ್ಟೆಲಿಗೆ ಬಿಡುವುದೆಂದು ನಿಮ್ಮಪ್ಪ ತೀರ್ಮಾನಿಸಿದ್ದ. ಅಷ್ಟರಲ್ಲಿ, ಮಕ್ಕಳ ಬೆಳವಣಿಗೆ ನೋಡಲು ಊರೂರು ತಿರುಗುವ ಮನಶ್ಶಾಸ್ತ್ರಜ್ಞೆಯೊಬ್ಬರು ಬೇಲೂರಿನ ಬಸ್ಸಿನಲ್ಲಿ ನಮ್ಮೂರು ಹಗರೆಗೆ ಬಂದರು. ನಮ್ಮ ನಡುಮನೆಯ ನೆಲದ ಮೇಲೇ ಕೂತು ಬೆಲ್ಲದ ಚೂರೊಂದನ್ನು ಎತ್ತಿ ಹಿಡಿದರು.

ಚಂದನಾ ಕೈ ಚಾಚಿ ಅತ್ತಳು.

"ಕೊಡಿ ಮೇಡಂ. ನಮ್ಮನೇಲಿ ಮಗು ಬಾಯಿ ಬಿಡೋಕ್ ಮುಂಚೇನೇ ಕೊಡ್ತೀವಿ," ಎಂದ ನಿಮ್ಮಪ್ಪ.

"ಅದಕ್ಕೇ ಕಣ್ರೀ ಇವಳಿಗೆ ಮಾತು ಬೇಕಾಗಿಲ್ಲ. ಕಾಯೋಣ."

ಅಳು ಕಿರುಚಾಟವಾಯಿತು. ನಾನೇ ಬೆಲ್ಲ ಕೊಡಲು ಎದ್ದೆ. "ಕಾಯೋಣ ಅಮ್ಮ," ಎಂದರು ನನಗೂ. ಅವರ ಕಣ್ಣಲ್ಲೂ ನೀರಿತ್ತು, ಆದರೆ ಎತ್ತಿದ ಕೈ ಇಳಿಯಲಿಲ್ಲ.

"ತಾ!" ಎಂದಳು ಚಂದನಾ.

ಮರುಕ್ಷಣವೇ ಅವಳ ಬಾಯಿಗೆ ಬೆಲ್ಲ ಬಿತ್ತು. ನಿಮ್ಮಪ್ಪ ಗೋಡೆಗೆ ಒರಗಿ, "ಇವ್ಳು ಇಲ್ಲೇ ಇರ್ಲಿ ಕಣಮ್ಮ," ಎಂದ.

ಈ ಹಾಳೆ ಇಲಿ, ಗೆದ್ದಲಿಗೆ ಸಿಗದ ಹಾಗೆ ಇಟ್ಟುಕೊಳ್ಳಿ, ಮಕ್ಕಳೇ.