ನಾನು ಬರೆದ ‘ಇಲ್ಲ’

ಮಗಳು ಸರ್ಕಾರಿ ಕೆಲಸಕ್ಕೆ ಆಯ್ಕೆಯಾಗಿದ್ದಾಳೆ. ನಿನ್ನೆ ಪೊಲೀಸ್ ತಪಾಸಣೆಯ ಫಾರ್ಮಿಗೆ ಫೋಟೊ ಅಂಟಿಸುತ್ತಿದ್ದಳು. ಗೋಂದಿನ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಾಳೆ ಕಸಿದು ನೋಡಿದೆ. ‘ಎಂದಾದರೂ ದಸ್ತಗಿರಿಯಾಗಿದ್ದೀರಾ?’ ಆ ಪ್ರಶ್ನೆ ಇನ್ನೂ ಅಲ್ಲೇ ಇತ್ತು.

ಕೋಲಸಿರ್ಸಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬಳು ಅಕ್ಕ ಇದ್ದಳು. ಸಿದ್ದಾಪುರದ ಕಾಲೇಜಿಗೆ ಹೋಗುತ್ತಿದ್ದಾಗ, ನಮ್ಮೂರಲ್ಲಿ ಬಸ್ಸು ನಿಲ್ಲಿಸುವುದಿಲ್ಲವೆಂದು ಅವಳೂ ಜೊತೆಯ ವಿದ್ಯಾರ್ಥಿಗಳೂ ಒಂದು ದಿನ ರಸ್ತೆಯಲ್ಲೇ ಕೂತುಬಿಟ್ಟರು. ಪೊಲೀಸರು ವ್ಯಾನಿಗೆ ತುಂಬಿ ಒಯ್ದು, ಸಂಜೆ ಬಿಟ್ಟರು. ಎರಡು ವರ್ಷ ಕೋರ್ಟಿಗೆ ಅಲೆದ ಮೇಲೆ ಎಲ್ಲರೂ ಖುಲಾಸೆಯಾದರು.

ಅಕ್ಕನಿಗೆ ಫಾರೆಸ್ಟ್ ಗಾರ್ಡ್ ಆಗುವ ಹುಚ್ಚು. ಅಣ್ಣನ ಹಳೇ ಬೂಟು ಹಾಕಿಕೊಂಡು ದಿನಾ ಬೆಳಿಗ್ಗೆ ಗದ್ದೆ ಬದಿಯ ರಸ್ತೆಯಲ್ಲಿ ಓಡುತ್ತಿದ್ದಳು. “ಯಾವ ಬಸ್ ತಪ್ತೇ ನಿಂಗೆ?” ಎಂದು ಅಂಗಡಿ ಕಟ್ಟೆಯವರು ನಗುತ್ತಿದ್ದರು. ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರು ಬಂದಾಗ ಸಿಹಿ ಕೇಳಿಕೊಂಡು ಬಂದವರೂ ಅವರೇ.

ಪೊಲೀಸ್ ತಪಾಸಣೆಯ ಫಾರ್ಮಿಗೆ ಗೋಂದು ಹಚ್ಚಿ ಫೋಟೊ ಅಂಟಿಸಿ, ತುಂಬಲು ನನ್ನನ್ನು ಕರೆದಳು. ನನ್ನ ಅಕ್ಷರ ದುಂಡಗಿತ್ತು. ಪಿಯುಸಿ ಓದುತ್ತಿದ್ದ ನನಗೆ ಎಲ್ಲ ಗೊತ್ತೆಂಬ ಜಂಬ ಬೇರೆ. ಆ ಪ್ರಶ್ನೆ ಬಂದಾಗ ಅವಳು ನನ್ನ ಕೈ ತಡೆದಳು.

“ಹೌದು ಅಂತ ಬರಿಯೇ. ಸ್ಟೇಶನ್ನಿಗೆ ಒಯ್ದಿದ್ದು ಖರೆ ಅಲ್ದಾ?”

“ಕೋರ್ಟೇ ಬಿಟ್ಟದೆ, ಮತ್ತೆಂತಕ್ಕೆ ಕೆದಕೂದು ಅಕ್ಕಾ?” ಎನ್ನುತ್ತ ನಾನೇ ‘ಇಲ್ಲ’ ಎಂದು ಬರೆದೆ. ಸಹಿ ಅವಳು ಹಾಕಿದಳು.

ಠಾಣೆಯ ದಫ್ತರದಲ್ಲಿ ಅವಳ ಹೆಸರು ಹಾಗೇ ಇತ್ತು. ಸ್ವಲ್ಪ ದಿನದಲ್ಲಿ ಆಯ್ಕೆ ರದ್ದಾದ ಪತ್ರ ಬಂತು. ದಸ್ತಗಿರಿಯಾದದ್ದಕ್ಕಲ್ಲ, ಅದನ್ನು ಮುಚ್ಚಿಟ್ಟದ್ದಕ್ಕೆ. ಹೌದೆಂದು ಬರೆದಿದ್ದರೆ ಬಹುಶಃ… ಆ ‘ಬಹುಶಃ’ ಇವತ್ತಿಗೂ ನನ್ನನ್ನು ಮಲಗಗೊಡುವುದಿಲ್ಲ.

ಅವಳ ಅಪ್ಪ ಪತ್ರ ಹಿಡಿದು ಕೂಗಾಡಿದರು. “ಈ ಸುಳ್ಳು ಬರ್ದವ್ರು ಯಾರು?” ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ಅಕ್ಕ ನನ್ನ ಕಡೆ ನೋಡಲೂ ಇಲ್ಲ. “ನಾನೇ” ಅಂದಳು. ನನ್ನ ಬಾಯಿಗೆ ಅದೇನು ಬಡಿದಿತ್ತೋ. ಹೇಡಿ, ಇನ್ನೇನು.

ಆಮೇಲೆ ಅವಳು ಓಡುವುದನ್ನು ನಿಲ್ಲಿಸಿದಳು. ಮದುವೆಯಾಗಿ ಯಲ್ಲಾಪುರಕ್ಕೆ ಹೋದಳು. ಹೋಗಿ ತಪ್ಪೊಪ್ಪಿಕೊಳ್ಳಬೇಕು ಅಂದುಕೊಳ್ಳುತ್ತಲೇ ವರ್ಷಗಳು ಕಳೆದವು… ಹೋದ ವರ್ಷ ಕಾಯಿಲೆಯಿಂದ ತೀರಿಕೊಂಡಳು.

ಅವಳಿಗೆ ಹೇಳಲಿಲ್ಲ, ಅವಳ ಅಪ್ಪನಿಗಾದರೂ ಹೇಳಿಬಿಡೋಣವೆಂದು ಇವತ್ತು ಬೆಳಿಗ್ಗೆ ನಾನೀಗಿರುವ ಶಿರಸಿಯಿಂದ ಕೋಲಸಿರ್ಸಿಗೆ ಹೋದೆ. ಕೂರಿಸಿ ಚಾ ಕೊಡಿಸಿದರು. ಮಗಳ ಸುದ್ದಿ ಕೇಳಿದರು. ಕೆಲಸದ ವಿಷಯ ಹೇಳಿದೆ.

“ಫಾರ್ಮಲ್ಲಿ ಖರೆ ಬರೀಲಿಕ್ಕೆ ಹೇಳು ಮಗಾ. ನಮ್ಮವ್ಳು ಸುಳ್ಳು ಬರ್ದು ಕೆಟ್ಲು” ಅಂದರು.

“ಹೂಂ, ಹೇಳ್ತೆ” ಅಂದೆ. ಚಾ ಕುಡಿದು ಎದ್ದು ಬಂದೆ.